ಗಂಗತ್ತಿಯ ನೂಲು, ನನ್ನ ಕುತ್ತಿಗೆ

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಇನ್ನೊಬ್ಬರಾಗುವ ಚಟ. ಎದುರಿಗೆ ಐದು ನಿಮಿಷ ಕೂತವರ ಭುಜ, ಕೆಮ್ಮು, ಮಾತಿನ ಮಧ್ಯೆ ಅವರು ನುಂಗುವ ಉಗುಳು, ಎಲ್ಲವೂ ನನ್ನ ಮೈಯೊಳಗೆ ಹೇಳದೆ ಕೇಳದೆ ಬಂದು ಮನೆ ಮಾಡಿಬಿಡುತ್ತವೆ. ಯಾದಗಿರಿ–ಶಹಾಪುರ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುವಾಗ ಮೂಗು ಏರಿಸುವ ರೀತಿ ನನಗೆ ಬರುತ್ತದೆ. ನಮ್ಮ ಹೆಡ್‌ಮಾಸ್ತರರು "ವಿಷಯ ಏನಪ್ಪಾ ಅಂದ್ರ" ಎಂದು ಶುರುಮಾಡಿ ವಿಷಯವನ್ನೇ ಮರೆಯುವ ರೀತಿ ಬರುತ್ತದೆ. ನಮ್ಮಪ್ಪ ಫೋನಿನಲ್ಲಿ ಮಾತಾಡುವಾಗ ಆ ಕಡೆಯವರ ಊರು ಎಷ್ಟು ದೂರವೋ ಅಷ್ಟು ದನಿ ಏರಿಸುತ್ತಾನೆ. ಸುರಪುರವಾದರೆ ಸಾಧಾರಣ, ಕಲಬುರಗಿಯಾದರೆ ಸ್ವಲ್ಪ ಜೋರು, ಹೈದರಾಬಾದಾದರೆ ಫೋನಿಲ್ಲದೆಯೂ ಕೇಳಿಸೀತು. ಅದೂ ನನ್ನ ಬತ್ತಳಿಕೆಯಲ್ಲಿದೆ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನೂ ನಾನು ಬಿಟ್ಟಿಲ್ಲ. ಅದು ನನ್ನ ಅತ್ಯುತ್ತಮ ಅಭಿನಯ. ಭಾನುವಾರ ಊಟವಾದ ಮೇಲೆ ಶುರುಮಾಡಿದರೆ ಅವ್ವ ಬಂದು ಕಾಲಿನಿಂದ ತಿವಿಯುವವರೆಗೆ ನಡೆಯುತ್ತದೆ.

ನನ್ನ ಹೆಸರು ಮೌನೇಶ. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹಡೆದ ಮಗ. ನಾನು ಮಾತು ಕಲಿತ ದಿನದಿಂದ ನಮ್ಮವ್ವ ಆ ದೇವರ ಕಡೆ ಮುಖ ಮಾಡಿದಾಗಲೆಲ್ಲ ಕೈ ಮುಗಿಯುವುದರ ಜೊತೆಗೆ ಸ್ವಲ್ಪ ಕ್ಷಮೆಯನ್ನೂ ಕೇಳುತ್ತಾಳೆ. ಈಗ ಸಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕನಾಗಿದ್ದೇನೆ. ರಾಜಮಹಾರಾಜರ ಪಾಠವನ್ನು ಅವರವರ ದನಿಯಲ್ಲೇ ಮಾಡುತ್ತೇನೆ. ಅವರ ದನಿಯನ್ನು ಕೇಳಿದವರು ಯಾರೂ ಬದುಕಿಲ್ಲವಾದ್ದರಿಂದ ತಪ್ಪು ಹಿಡಿಯುವವರಿಲ್ಲ.

ಬದುಕಿರುವವರನ್ನು ಅನುಕರಿಸುವಾಗ ಮಾತ್ರ ಅಪಾಯವಿದೆ. ಅದು ನನಗೆ ತಿಳಿದದ್ದು ಗಂಗತ್ತಿಯಿಂದ.

ಗಂಗತ್ತಿ ನಮ್ಮಪ್ಪನ ಅಕ್ಕ. ರಂಗಂಪೇಟೆಯಲ್ಲಿ ಒಬ್ಬಳೇ ಇದ್ದಾಳೆ, ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು. ಅವಳ ಕೈಯಲ್ಲಿ ಯಾವಾಗಲೂ ಒಂದು ಕ್ರೋಶಾ ಕಡ್ಡಿ ಇರುತ್ತದೆ. ತುದಿಯಲ್ಲಿ ಕೊಕ್ಕೆಯಿರುವ, ಕಿವಿ ಕೆರೆದುಕೊಳ್ಳಲು ಕೂಡ ಬರುವಂಥ, ಗೇಣುದ್ದದ ಉಕ್ಕಿನ ಕಡ್ಡಿ. ಅವಳ ಮನೆಯಲ್ಲಿ ಬಾಗಿಲಿಗೆ ನೂಲಿನ ತೋರಣ, ಟಿವಿಗೆ ನೂಲಿನ ಸೆರಗು, ನೀರಿನ ಕೊಡಕ್ಕೂ ನೂಲಿನ ಮುಚ್ಚಳ. ಒಂದು ಗಳಿಗೆ ಸುಮ್ಮನೆ ನಿಂತರೆ ನಮಗೂ ಏನಾದರೂ ಹೆಣೆದು ತೊಡಿಸಿಬಿಡುತ್ತಾಳೆ ಎಂದು ನಾವು ಆಡಿಕೊಳ್ಳುವುದುಂಟು. ಹೆಣೆಯುತ್ತ ಕೂತಾಗ ಅವಳ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ, ನಾಲಿಗೆಯ ಚೂರು ಬಾಯಿಯ ಎಡಮೂಲೆಯಿಂದ ಇಣುಕುತ್ತದೆ. ಆಗ ಯಾರು ಏನು ಕೇಳಿದರೂ ಒಂದೇ ಬೆರಳು ಎತ್ತುತ್ತಾಳೆ. "ಸಾಲು ಮುಗೀಲಿ, ತಡಿ." ಒಮ್ಮೆ ರಂಗಂಪೇಟೆಯ ಆ ಮನೆಗೆ ಕೋತಿಯೊಂದು ನುಗ್ಗಿ, ಅವಳ ಎದುರಿಗೇ ರೊಟ್ಟಿಯ ಬುಟ್ಟಿಗೆ ಕೈ ಹಾಕಿತಂತೆ. ಗಂಗತ್ತಿ ಬೆರಳು ಎತ್ತಿದಳು. ಕೋತಿ ತಡೆಯಿತು. ಸಾಲು ಮುಗಿಸಿ ಎದ್ದು ಬಡಿಗೆ ಹಿಡಿದಳು. ಈ ಕಥೆಯನ್ನು ಹೇಳಿದವಳು ಗಂಗತ್ತಿಯೇ ಆದ್ದರಿಂದ ಕೋತಿಯ ಹೇಳಿಕೆ ನಮಗೆ ಸಿಕ್ಕಿಲ್ಲ.

ಇಂಥ ಮನುಷ್ಯಳು ಕಣ್ಣೆದುರು ಇರುವಾಗ ನನ್ನಂಥವನು ಎಷ್ಟು ದಿನ ಸುಮ್ಮನಿರಬೇಕು? ನಮ್ಮಕ್ಕನ ಕುಬಸದ ದಿನ, ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡಿದ ಮೇಲೆ, ಹೆಂಗಸರು "ಮೌನೇಶಾ, ಏನರ ಮಾಡಿ ತೋರ್ಸೋ" ಎಂದರು. ನಾನು ಒಂದು ಪೆನ್ಸಿಲು, ಅಕ್ಕನ ಲಂಗದ ಒಂದು ಲಾಡಿ ತೆಗೆದುಕೊಂಡು ಮೂಲೆಯಲ್ಲಿ ಕೂತೆ. ಅಪ್ಪನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ, ನಾಲಿಗೆ ಎಡಕ್ಕೆ ಇಟ್ಟೆ. ಅಕ್ಕ "ಅತ್ತಿ, ಬ್ಯಾನಿ ಬರಾಕತ್ತಾವ" ಎಂದು ಹೆರಿಗೆ ನೋವಿನಿಂದ ನರಳುವಂತೆ ನಟಿಸಿದಳು. ನಾನು ಬೆರಳು ಎತ್ತಿ "ಸಾಲು ಮುಗೀಲಿ, ತಡಿ" ಎಂದೆ. ನಕ್ಕು ನಕ್ಕು ಒಬ್ಬಳ ಕೈಯ ಕುಂಕುಮದ ಬಟ್ಟಲು ಉರುಳಿತು. ಬಾಗಿಲಲ್ಲಿ ಗಂಗತ್ತಿ ನಿಂತಿದ್ದಳು. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನನ್ನ ಕೈಯನ್ನು ನೋಡಿದಳು.

"ಚಂದ ಮಾಡ್ತಿ," ಅಂದಳು. "ಕಡ್ಡಿ ಹಿಡಿಯೂದು ತಪ್ಪು."

ಅಷ್ಟೇ. ಆದರೆ ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ, ಹೋಳಿಗೆಗೆ ತುಪ್ಪ ಹಾಕುತ್ತ ತೀರ್ಪು ಕೊಟ್ಟಳು. "ಈ ಸಲದ ಕುಲಾವಿ ನಾ ಹಾಕ್ತೀನಿ. ನೂಲು ಮಾತ್ರ ಮೌನೇಶ ತರಬೇಕು. ಆರಿಸೂದೂ ಅವನ. ನೂಲು ಕೆಟ್ಟರ ಕುಲಾವಿ ಕೆಡ್ತದ. ಕೆಟ್ಟರ ಅವನ ಹೆಸರಲೇ ಕೆಡಲಿ."

ಇಲ್ಲಿ ಕುಲಾವಿಯ ವಿಷಯ ಸ್ವಲ್ಪ ಹೇಳಬೇಕು. ಅದು ಕೂಸಿನ ಕಿವಿ ಮುಚ್ಚುವ ಪುಟ್ಟ ಟೊಪ್ಪಿಗೆ. ತೊಟ್ಟಿಲು ಹಾಕುವ ದಿನ ಅದನ್ನು ಕೂಸಿನ ತಲೆಗೆ ಕಟ್ಟಿದ ಮೇಲೆಯೇ ಕಿವಿಯಲ್ಲಿ ಹೆಸರು ಹೇಳುವುದು ನಮ್ಮ ಮನೆಯ ಪದ್ಧತಿ. ಮೊದಲ ಕುಲಾವಿ ತವರು ಮನೆಯದೇ ಆಗಬೇಕು. ನಮ್ಮ ಮನೆತನದಲ್ಲಿ ಅದು ಗಂಗತ್ತಿಯ ಕೈಯದೇ ಆಗಿರಬೇಕು. ಅವ್ವನ ತವರಿನದು ಬಿಚ್ಚಿದ ಮೇಲೆ ನನ್ನ ತಲೆಯೂ ಅವಳ ಕುಲಾವಿಯನ್ನು ತೊಟ್ಟದ್ದೇ, ಒಳಗೇನೂ ಉಳಿಯಲಿಲ್ಲ ಎನ್ನುವುದು ಬೇರೆ ಮಾತು. ಇನ್ನೊಂದು ಕಟ್ಟಳೆ: ಕೂಸು ಹುಟ್ಟುವ ಮೊದಲು ನೂಲು ಮುಟ್ಟಬಾರದು. ಹುಟ್ಟಿದ ಮೇಲೆ ಶುರು, ತೊಟ್ಟಿಲ ದಿನಕ್ಕೆ ಮುಗಿಯಬೇಕು. ಇಲ್ಲಿಯ ಬಿಸಿಲಿಗೆ ಕುಲಾವಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ನೀ ಬಿಸಲಾಗ ತಲಿಗೆ ಟವಲ್ ಸುತ್ತಗೊಂಡು ಹೋಗ್ತಿಯಲ್ಲ, ಅದ್ಯಾಕ?" ಎಂದು ಗಂಗತ್ತಿ ಕೇಳಿದಳು.

ಮಾರ್ಚ್ ತಿಂಗಳಲ್ಲಿ ಅಕ್ಕ ಹೆಣ್ಣು ಹಡೆದಳು. ಹದಿಮೂರನೆಯ ದಿನಕ್ಕೆ ತೊಟ್ಟಿಲು ಎಂದು ಗೊತ್ತಾಯಿತು. ಅಕ್ಕನ ಅತ್ತೆ ಮಹಾದೇವಮ್ಮನವರು ಯಾದಗಿರಿಯಿಂದ ಕೂಸನ್ನು ನೋಡಲು ಬಂದವರು ಚೀಲದಿಂದ ಒಂದು ಗುಲಾಬಿ ಪೊಟ್ಟಣ ತೆಗೆದರು. ಒಳಗೆ ರೆಡಿಮೇಡ್ ಕುಲಾವಿ, ಮೇಲೆ ಮೊಲದ ಎರಡು ಕಿವಿ. "ನಿಮ್ಮದು ಆಗಲಿಲ್ಲಂದ್ರ ಇದು ಅದ ರೀ. ಏನ್ ಚಿಂತಿ ಮಾಡಬ್ಯಾಡ್ರಿ," ಅಂದರು. ಆ ಮಾತಿನಲ್ಲಿ ಅರ್ಧ ಪ್ರೀತಿ, ಅರ್ಧ ಪೈಪೋಟಿ. ಬಾಣಂತನಕ್ಕೆಂದು ಶಹಾಪುರದ ನಮ್ಮ ಮನೆಗೆ ಬಂದಿದ್ದ ಗಂಗತ್ತಿ ಮೊಲದ ಕಿವಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿ, ಪೊಟ್ಟಣಕ್ಕೆ ವಾಪಸು ಹಾಕಿ, ನನ್ನ ಕಡೆ ತಿರುಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

ನೂಲು ತರುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ತರಕಾರಿಗಾದರೆ ಹುಳುಕು ನೋಡಬೇಕು, ಹೆಣ್ಣಿಗಾದರೆ ಗೋತ್ರ ನೋಡಬೇಕು. ನೂಲಿಗೆ ಏನಿದೆ, ಬಣ್ಣ ನೋಡಿದರಾಯಿತು. ಶಹಾಪುರದ ಬಜಾರಿನಲ್ಲಿ ಬಳೆ, ಪಿನ್ನು, ರಿಬ್ಬನ್ನು ಮಾರುವ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಿಂಚುವ ಉಲ್ಲನ್ ಉಂಡೆಯೊಂದನ್ನು ಕೈಗೆತ್ತಿಕೊಂಡೆ. ಗಿಣಿಹಸಿರು, ನಡುನಡುವೆ ಜರಿಯ ಎಳೆ. ಅಂಗಡಿಯವನು "ಸಾರ್, ಇದು ಟಾಪ್ ಕ್ವಾಲಿಟಿ, ಬೆಂಕಿ ಹಚ್ಚಿದ್ರೂ ಹೊಳೀತದ" ಎಂದ. ಬೆಂಕಿ ಹಚ್ಚಿದರೆ ಎಲ್ಲವೂ ಹೊಳೆಯುತ್ತದೆ ಎಂಬುದು ಮನೆಗೆ ಬರುವವರೆಗೆ ನನಗೆ ಹೊಳೆಯಲಿಲ್ಲ.

ಗಂಗತ್ತಿ ಉಂಡೆಯನ್ನು ಮೂಸಿದಳು. ಒಂದೆಳೆ ಕಿತ್ತು ತುಟಿಯ ಮೇಲೆ ಎಳೆದಳು. ಹೀಯಾಳಿಸುತ್ತಾಳೆ ಎಂದು ಕಾಯುತ್ತಿದ್ದೆ. ಅದರ ಬದಲು ಕಡ್ಡಿ ತೆಗೆದು, ನನ್ನ ಎದುರಿಗೇ ನಾಲ್ಕು ಬೆರಳು ಅಗಲದ ಒಂದು ಪಟ್ಟಿ ಸರಸರನೆ ಹೆಣೆದಳು. ಎರಡೂ ತುದಿಗೆ ದಾರ ಬಿಟ್ಟಳು. "ಬಾ ಇಲ್ಲಿ" ಎಂದು ಕರೆದು ನನ್ನ ಕುತ್ತಿಗೆಗೆ ಕಟ್ಟಿದಳು.

"ಇದೇನತ್ತಿ?"

"ನಾಳಿ ಸಂಜಿ ತನಕ ಬಿಚ್ಚಬ್ಯಾಡ. ಶಾಲಿಗೂ ಹಾಕ್ಕೊಂಡು ಹೋಗು."

"ನಂಗ್ಯಾಕ? ಕುಲಾವಿ ಕೂಸಿಗಲ್ಲ?"

"ಕೂಸಿಗೆ ಚುಚ್ಚಿದ್ರ ಕೂಸು ಹೇಳ್ತದೇನು? ಅಳ್ತದ. ಅತ್ತರ ನಾವು ಹಸಿವಿ ಅಂತೀವಿ, ಹೊಟ್ಟಿನೋವು ಅಂತೀವಿ, ದೃಷ್ಟಿ ತೆಗೀತೀವಿ. ನಿಂಗ ಭಗವಂತ ಗೇಣುದ್ದ ನಾಲಿಗಿ ಕೊಟ್ಟಾನ. ಚುಚ್ಚಿದ್ರ ಊರಿಗೆಲ್ಲ ಹೇಳ್ತಿ. ಅಂಥಾವ್ರ ಬೇಕು ಇದಕ್ಕ."

ಅಂಗನವಾಡಿಯಲ್ಲಿ ವರ್ಷಾನುಗಟ್ಟಲೆ ಮಾತು ಬಾರದ ಮಕ್ಕಳ ನಡುವೆ ಕೂತು ಕಲಿತ ವಿದ್ಯೆ ಅದು. ಹಿಂದೆಲ್ಲ ಈ ಪಟ್ಟಿಯನ್ನು ಅವಳು ತನ್ನ ಕುತ್ತಿಗೆಗೇ ಕಟ್ಟಿಕೊಳ್ಳುತ್ತಿದ್ದಳಂತೆ. "ಈಗ ನನ್ನ ಚರ್ಮ ದಪ್ಪಾಗೇದ. ಏನೂ ಹತ್ತಂಗಿಲ್ಲ," ಅಂದಳು. ನನ್ನ ಕುಬಸದ ಅಭಿನಯಕ್ಕೂ ಈ ಮಾತು ಸೇರಿತ್ತೋ ಏನೋ, ಅವಳ ಮುಖದಿಂದ ತಿಳಿಯಲಿಲ್ಲ.

ಮರುದಿನ ಸಗರದ ಶಾಲೆಯಲ್ಲಿ ನಾನು ಅನುಭವಿಸಿದ್ದನ್ನು ಯಾವ ಚರಿತ್ರೆಯ ಪುಸ್ತಕವೂ ಬರೆದಿಲ್ಲ. ಅಂಗಿಯ ಕಾಲರಿನೊಳಗೆ ಪಟ್ಟಿ, ಪಟ್ಟಿಯೊಳಗೆ ಬೆವರು, ಬೆವರಿನೊಳಗೆ ಜರಿ. ಮೊದಲ ಪೀರಿಯಡ್ಡಿನಲ್ಲಿ ಇರುವೆ ಹರಿದಂತಾಯಿತು, ಎರಡನೆಯದರಲ್ಲಿ ಇರುವೆ ಸಂಸಾರ ಹೂಡಿತು. ಕಿರುಬೆರಳನ್ನು ಕಾಲರಿನೊಳಗೆ ತೂರಿಸಿ, ಗಂಟಲನ್ನು ಕೊಕ್ಕರೆಯ ಹಾಗೆ ಉದ್ದ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಶಾಸನಗಳ ಪಾಠ ಮಾಡಿದೆ. ಹಿಂದಿನ ಬೆಂಚಿನಿಂದ ಸಣ್ಣ ನಗು ಬಂತು. ನೋಡಿದರೆ ಒಂಬತ್ತನೆಯ ತರಗತಿಯ ರೇಣುಕಾ ಎಂಬ ಹುಡುಗಿ ತನ್ನ ಕಾಲರಿಗೆ ಬೆರಳು ಹಾಕಿ ಕೊಕ್ಕರೆಯಾಗಿದ್ದಳು. ಇಡೀ ಬೆಂಚು ನಗುತ್ತಿತ್ತು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಆ ಕಡೆಯಿಂದ ಈ ಕಡೆಗೆ ಬಂದಿದ್ದೆ. ಇಲ್ಲಿಂದ ನೋಟ ಅಷ್ಟು ಚೆನ್ನಾಗಿಲ್ಲ.

"ವಿಷಯ ಏನಪ್ಪಾ ಅಂದ್ರ," ಎಂದರು ಹೆಡ್‌ಮಾಸ್ತರರು ನನ್ನ ಕುತ್ತಿಗೆಯನ್ನು ನೋಡುತ್ತ. ಆಮೇಲೆ, ಎಂದಿನಂತೆ, ಮರೆತರು. ದೇವರು ದೊಡ್ಡವನು.

ಸಂಜೆ ಶಾಲೆಯ ಕಥೆಯನ್ನೆಲ್ಲ ನಾನು ಮನೆಯಲ್ಲಿ ಆಡಿ ತೋರಿಸಿದ ಮೇಲೆ ಜರಿಯ ನೂಲು ನಪಾಸಾಯಿತು. ಗಂಗತ್ತಿ ಅದರಿಂದ ಪಾತ್ರೆ ಉಜ್ಜುವ ಚಂಡು ಮಾಡಿದಳು; ಇವತ್ತಿಗೂ ನಮ್ಮ ತವೆ ಫಳಫಳ ಹೊಳೆಯುತ್ತದೆ, ಅಂಗಡಿಯವನ ಮಾತು ಸುಳ್ಳಲ್ಲ. ಎರಡನೆಯ ನೂಲನ್ನು ಸುರಪುರದಿಂದ ತಂದೆ. ಈ ಬಾರಿ ಬುದ್ಧಿವಂತನಾಗಿ ಅಂಗಡಿಯಲ್ಲೇ ಕುತ್ತಿಗೆಗೆ ಉಜ್ಜಿ ನೋಡಿದ್ದೆ. ಮೆತ್ತಗಿತ್ತು, ದಾಳಿಂಬೆ ಕೆಂಪು, ಕೂಸಿನ ಕೆನ್ನೆಗೆ ಒಪ್ಪುವ ಬಣ್ಣ. ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದೆ. ಚುಚ್ಚಲಿಲ್ಲ. ಗೆದ್ದೆ ಎಂದುಕೊಂಡು ಬಿಸಿಲಲ್ಲಿ ಬಸ್ಸು ಹತ್ತಿ ಮನೆಗೆ ಬಂದರೆ, ಅವ್ವ ಬಾಗಿಲಲ್ಲಿ ನನ್ನನ್ನು ನೋಡಿ ಕೈಯಲ್ಲಿದ್ದ ಮೊರ ಕೆಳಗೆ ಬಿಟ್ಟಳು. ಬೆವರಿಗೆ ಬಣ್ಣ ಬಿಟ್ಟು ಕುತ್ತಿಗೆಯ ಸುತ್ತ ಕೆಂಪು ಗೆರೆ ಮೂಡಿತ್ತು. ಬಿಳಿ ಅಂಗಿಯ ಎದೆಯ ತನಕ ಇಳಿದಿತ್ತು. ಯಾರೋ ಕೊಯ್ಯಲು ಶುರುಮಾಡಿ, ಮನಸ್ಸು ಬದಲಾಯಿಸಿ ಬಿಟ್ಟುಹೋದ ಹಾಗೆ ಕಾಣುತ್ತಿದ್ದೆನಂತೆ.

ಗಂಗತ್ತಿ ಮಾತ್ರ ಖುಷಿಯಾದಳು. "ನೋಡು, ನೀರಾಗ ಅದ್ದಿ ನೋಡಿದ್ರ ಇದು ಬಣ್ಣ ಬಿಡ್ತಿರಲಿಲ್ಲ. ಬೆವರಿನ ಉಪ್ಪಿಗೆ ಬಿಟ್ಟದ. ಕೂಸು ಕುಲಾವಿ ದಾರ ಬಾಯಾಗ ಇಟ್ಟು ಚೀಪ್ತದಲ್ಲ, ಏನಾಗ್ತಿತ್ತು?" ಎಂದು ನನ್ನ ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿ ಅಕ್ಕನಿಗೆ ತೋರಿಸಿದಳು. ಅಕ್ಕ ಬಾಣಂತಿ ಮಂಚದ ಮೇಲೆ ನಕ್ಕು ನಕ್ಕು ಹೊಲಿಗೆ ನೋಯಿಸಿಕೊಂಡಳು. ನನ್ನ ಕುತ್ತಿಗೆ ಆ ಮನೆಯಲ್ಲಿ ಒಂದು ಪ್ರಯೋಗಾಲಯವಾಗಿ ಹೋಗಿತ್ತು.

ಅಷ್ಟರಲ್ಲಿ ಆರು ದಿನ ಮುಗಿದಿದ್ದವು. "ಇನ್ನ ಯಾದಗಿರಿಗೆ ಹೋಗು," ಎಂದಳು ಗಂಗತ್ತಿ. "ಹತ್ತಿ ನೂಲು ನೋಡು. ಮೂರು ಲಡಿ ತಾ. ಎರಡಲ್ಲ, ಮೂರು."

ಯಾದಗಿರಿಯ ಸ್ಟೇಷನ್ ಕಡೆಯ ಒಂದು ಗಲ್ಲಿಯಲ್ಲಿ ಹಳೆಯ ನೂಲಿನ ಅಂಗಡಿಯಿದೆ. ಅದರ ಮಾಲೀಕ ಬಿಳಿಗಡ್ಡದ ಒಬ್ಬ ಚಾಚಾ. ನಾನು "ಕೂಸಿನ ಕುಲಾವಿಗೆ ಒಳ್ಳೆ ಹತ್ತಿ ನೂಲು ಕೊಡ್ರಿ" ಎಂದೆ. ಅವರು ಕಪಾಟಿನ ಕಡೆ ತಿರುಗಲೇ ಇಲ್ಲ. ಡಾಕ್ಟರರ ಹಾಗೆ ಪ್ರಶ್ನೆ ಕೇಳಲು ಶುರುಮಾಡಿದರು.

"ಕೂಸು ಎಷ್ಟು ದಿನದ್ದು?"

"ಏಳು ದಿನದ್ದು ರೀ."

"ಕುಲಾವಿ ಹಾಕೋರು ಯಾರು?"

"ನಮ್ಮತ್ತಿ."

"ಕೈ ಬಿಗಿನೋ, ಸಡಲೋ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು: "ನೋಡ್ ಬೇಟಾ, ಒಬ್ಬೊಬ್ಬರ ಕೈ ಒಂದೊಂದ್ ಥರ. ಬಿಗಿ ಕೈಯವ್ರಿಗೆ ಬಿಗಿ ತಿರುವಿದ ನೂಲು ಕೊಟ್ರ ಕುಲಾವಿ ಕಬ್ಬಿಣದ ಬುಟ್ಟಿ ಆಗ್ತದ. ಸಡಲ ಕೈಯವ್ರಿಗೆ ಸಡಲ ನೂಲು ಕೊಟ್ರ ಮೀನಿನ ಬಲಿ ಆಗ್ತದ. ನಿಮ್ಮತ್ತಿ ಕೈ ಯಾವುದು, ಅದು ಹೇಳು."

ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಆದರೆ ಕಳೆದ ಕೆಲವು ದಿನ ಅವಳ ಎದುರಿಗೇ ಕುತ್ತಿಗೆ ಒಡ್ಡಿ ಕೂತಿದ್ದೆನಲ್ಲ. ಚಟ ಸುಮ್ಮನೆ ಇರಲಿಲ್ಲ. ಕಡ್ಡಿ ಹಿಡಿಯುವುದು ತಪ್ಪು ಎಂದು ಅವಳು ಅಂದದ್ದು ನನ್ನೊಳಗೆ ಕೊರೆಯುತ್ತಲೂ ಇತ್ತು. ನೋಡಿ ತಿಳಿದುಕೊಂಡಿದ್ದೆ: ನಾನು ಪೆನ್ಸಿಲನ್ನು ಬರೆಯುವವನ ಹಾಗೆ ಹಿಡಿದಿದ್ದೆ, ಅವಳು ಕಡ್ಡಿಯನ್ನು ಹಿಡಿಯುವುದು ಕಾಯಿಪಲ್ಯ ಹೆಚ್ಚುವ ಚಾಕುವಿನ ಹಾಗೆ, ಮೇಲಿನಿಂದ. ಚಾಚಾನ ಟೇಬಲಿನ ಪೆನ್ನು ಎತ್ತಿಕೊಂಡೆ. ಸ್ಟೂಲಿನ ಮೇಲೆ ಕೂತೆ. ಕನ್ನಡಕವಿಲ್ಲದಿದ್ದರೂ ಕಣ್ಣು ಮೂಗಿನ ತುದಿಯಿಂದ ನೋಡಿದವು. ಎಡಗೈಯ ಕಿರುಬೆರಳಿಗೆ ಇಲ್ಲದ ನೂಲನ್ನು ಎರಡು ಸುತ್ತು ಸುತ್ತಿ, ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿ, ನೂಲಿನ ಪ್ರತಿ ಕುಣಿಕೆಗೂ ಒಂದು ಸಣ್ಣ ಜಗ್ಗು ಕೊಟ್ಟೆ. ಬಾವಿಯಿಂದ ಕೊಡ ಮೇಲೆ ಬಂದಾಗ ಕೊನೆಗೊಮ್ಮೆ ಹಗ್ಗ ಜಗ್ಗುತ್ತಾರಲ್ಲ, ಹಾಗೆ. ಆ ಜಗ್ಗನ್ನು ಮಾಡುವಾಗಲೇ ನನಗೆ ಮೊದಲ ಬಾರಿಗೆ ತಿಳಿಯಿತು: ಅವಳು ಬೆರಳು ಎತ್ತಿ ಎಲ್ಲರನ್ನೂ ತಡೆಯುವುದು ಗತ್ತಿಗಲ್ಲ. ಸಾಲಿನ ನಡುವೆ ಆ ಜಗ್ಗು ತಪ್ಪಿದರೆ ಒಂದು ಕುಣಿಕೆ ಸಡಿಲ, ಒಂದು ಬಿಗಿ, ಸಾಲು ಸೊಟ್ಟಗಾಗುತ್ತದೆ. ಅಷ್ಟು ಹೊತ್ತು ಉಸಿರು ಕೂಡ ಒಂದೇ ಅಳತೆಯಲ್ಲಿ ಇರಬೇಕು. ಕುಬಸದ ದಿನ ನಾನು ಅವಳ ನಾಲಿಗೆಯನ್ನು ಕದ್ದಿದ್ದೆ, ಕೈಯನ್ನು ಕದ್ದಿರಲಿಲ್ಲ. ನಗು ಬರುವಷ್ಟನ್ನೇ ನೋಡಿದ್ದೆ.

ಚಾಚಾ ಗಡ್ಡ ನೀವಿಕೊಂಡು ಪೂರ್ತಿ ನೋಡಿದರು. ನಗಲಿಲ್ಲ.

"ಬಿಗಿ ಕೈ," ಎಂದರು. "ಹಳೇ ಕೈ. ಭಾರಿ ಚಲೋ ಕೈ." ಎದ್ದು, ಮೇಲಿನ ಸಾಲಿನಿಂದ ಸಡಿಲವಾಗಿ ತಿರುವಿದ ಹತ್ತಿ ನೂಲಿನ ಲಡಿ ತೆಗೆದರು. ಕಡಲೆಹಿಟ್ಟಿನ ಹಳದಿ. ಕುತ್ತಿಗೆಗೆ ಮುಟ್ಟಿಸಿಕೊಂಡರೆ ಏನೂ ಅನಿಸಲಿಲ್ಲ. "ಮೂರು ತಗೋ. ಆಮ್ಯಾಲೆ ಬಂದ್ರ ಈ ಬಣ್ಣ ಸಿಗೂದಿಲ್ಲ. ಒಂದು ಕೊಪ್ಪರಿಗಿಯಾಗ ಅದ್ದಿದ ಬಣ್ಣ ಇನ್ನೊಂದು ಕೊಪ್ಪರಿಗಿಗೆ ಬರಂಗಿಲ್ಲ."

ಇಲ್ಲಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಚಾಚಾ ಹೊಗಳಿದ್ದು ಗಂಗತ್ತಿಯ ಕೈಯನ್ನು; ನನ್ನ ತಲೆಗೆ ಏರಿದ್ದು ನನ್ನ ಅಭಿನಯ. ನನಗೆ ಈಗ ನೂಲಿನ ವಿದ್ಯೆ ಪೂರ್ತಿ ಬಂದಿತೆನಿಸಿತು. ನಮ್ಮ ಕೂಸಿನ ತಲೆ ಮೂಸಂಬಿಯಷ್ಟಿದೆ. ಅದಕ್ಕೆ ಮೂರು ಲಡಿ ಯಾಕೆ, ಎರಡೇ ಸಾಕು, ಹಳಬರು ಸುಮ್ಮನೆ ಒಂದು ಹೆಚ್ಚು ಹೇಳುತ್ತಾರೆ ಎಂದುಕೊಂಡೆ. ಎರಡು ತಂದೆ.

ಈ ನೂಲಿನ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿ, ಪಾಠ ಮಾಡಿ, ಬಂದು, ಊಟ ಮಾಡಿ, ಮಲಗಿದ ಬುದ್ಧನ ಅಭಿನಯವನ್ನೂ ಮುಗಿಸಿದೆ. ಸಂಜೆ ಗಂಗತ್ತಿ "ಹೆಂಗದ?" ಎಂದಾಗ "ಏನು ಹೆಂಗದ?" ಎಂದೆ. ಅವಳು ನನ್ನ ಕಾಲರಿನಿಂದ ಪಟ್ಟಿ ಬಿಚ್ಚಿದಳು. "ಮರೆತಿದ್ದಿ. ಮರೆತರ ಪಾಸು," ಅಂದಳು. ಅಷ್ಟು ಮೆತ್ತಗಿನ ಶಹಬ್ಬಾಸನ್ನು ಅವಳ ಬಾಯಿಂದ ನಾನು ಮೊದಲು ಕೇಳಿರಲಿಲ್ಲ.

ಇನ್ನು ಲಡಿಯನ್ನು ಉಂಡೆ ಮಾಡುವ ಕೆಲಸ. ನೂಲಿನ ಲಡಿಯೆಂದರೆ ದೊಡ್ಡ ಉಂಗುರದ ಹಾಗೆ ಸುತ್ತಿದ ಕಟ್ಟು. ಅದನ್ನು ಒಬ್ಬರು ಎರಡೂ ಕೈ ಚಾಚಿ ತೊಟ್ಟುಕೊಂಡು ಕೂರಬೇಕು, ಇನ್ನೊಬ್ಬರು ಎಳೆ ಎಳೆದು ಉಂಡೆ ಸುತ್ತಬೇಕು. ಚಾಚಿದ ಕೈಗಳು ನನ್ನವು. ಎರಡು ದಿನ ಬಿಟ್ಟು, ಮೊದಲ ಉಂಡೆ ಮುಗಿದು ಕುಲಾವಿಯ ನೆತ್ತಿಯ ಭಾಗ ತೆಂಗಿನಚಿಪ್ಪಿನಷ್ಟಾದಾಗ, ಎರಡನೆಯ ಲಡಿ ನನ್ನ ಕೈಗೆ ಬಂತು. ಗಂಗತ್ತಿ ಸುತ್ತುತ್ತ ಕೇಳಿದಳು.

"ಮೂರನೇದು ಎಲ್ಲಿಟ್ಟಿ?"

ಬೇರೆ ಸಮಯದಲ್ಲಾದರೆ ಒಂದು ಕಥೆ ಕಟ್ಟುತ್ತಿದ್ದೆ. ಬಸ್ಸಿನ ಕಂಡಕ್ಟರನನ್ನು ತರುತ್ತಿದ್ದೆ, ಮೂಗು ಏರಿಸುತ್ತಿದ್ದೆ, ಲಡಿ ಸೀಟಿನ ಕೆಳಗೆ ಉಳಿಯಿತೆನ್ನುತ್ತಿದ್ದೆ. ಆದರೆ ನನ್ನ ಎರಡೂ ಕೈ ನೂಲಿನಲ್ಲಿ ಸೆರೆಯಾಗಿದ್ದವು. ಕೈ ಆಡದಿದ್ದರೆ ನನಗೆ ಸುಳ್ಳೂ ಬರುವುದಿಲ್ಲ ಎಂದು ಅಂದು ತಿಳಿಯಿತು.

"ಎರಡ ತಂದೀನತ್ತಿ," ಎಂದೆ.

ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. ಕುಲಾವಿಯ ನೆತ್ತಿಯನ್ನು ಒಮ್ಮೆ, ಉಳಿದ ನೂಲನ್ನು ಒಮ್ಮೆ ನೋಡಿದಳು. "ಕಿವಿ ಮುಚ್ಚೂದಿಲ್ಲ," ಎಂದಳು. ಪಕ್ಕದ ಗೂಡಿನಲ್ಲಿ ಗುಲಾಬಿ ಪೊಟ್ಟಣ ಕೂತಿತ್ತು. ಮೊಲದ ಎರಡು ಕಿವಿ ಪ್ಲಾಸ್ಟಿಕ್ಕಿನ ಒಳಗಿನಿಂದ ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದವು.

ಮರುದಿನ ಶಾಲೆಗೆ ರಜೆ ಹಾಕಿ ಯಾದಗಿರಿಗೆ ಓಡಿದೆ. ಚಾಚಾ ನನ್ನನ್ನು ನೋಡಿದ ಕೂಡಲೇ ವಿಷಯ ತಿಳಿದುಕೊಂಡರು. "ಆಗ್ಲೇ ಹೇಳಿದ್ದೆ," ಎನ್ನುವ ಮಾತನ್ನು ಆಡದೆ ಬರೀ ಗಡ್ಡದಿಂದಲೇ ಹೇಳುವ ಕಲೆ ಅವರಿಗಿತ್ತು; ನಾನು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ, ಗಡ್ಡ ಸಾಲದು. ಅದೇ ನೂಲು, ಅದೇ ತಿರುವು. ಬಣ್ಣ ಮಾತ್ರ ಬೇರೆ ಕೊಪ್ಪರಿಗೆಯದು. ಕಡಲೆಹಿಟ್ಟಿಗೆ ಯಾರೋ ಒಂದು ಚಿಟಿಕೆ ಅರಿಶಿಣ ಬೆರೆಸಿದ ಹಾಗೆ. ಬಸ್ಸಿನಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ನೆರಳಿಗೆ ಹಿಡಿದು ನೋಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ. ಎರಡೂ ಕಣ್ಣು ಮುಚ್ಚಿದಾಗ ಮಾತ್ರ ಹೊಂದುತ್ತಿತ್ತು.

ತೊಟ್ಟಿಲಿಗೆ ಎರಡೇ ದಿನ. ಗಂಗತ್ತಿ ಹೊಸ ಲಡಿಯನ್ನು ಹಳೆಯ ಹೆಣಿಗೆಯ ಪಕ್ಕ ಇಟ್ಟು, ಅಂಗಳದ ಬಿಸಿಲಿನಲ್ಲಿ ನೋಡಿದಳು. ನೆತ್ತಿ ಒಂದು ಬಣ್ಣ, ಕಿವಿ ಒಂದು ಬಣ್ಣವಾದರೆ ನೆರೆದವರೆಲ್ಲ ನೋಡುವುದು ಆ ಗೆರೆಯನ್ನೇ. ತವರಿನವರಿಗೆ ನೂಲು ಸಾಲಲಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಗಂಗತ್ತಿಯ ಕುಲಾವಿಗಳಲ್ಲಿ ನೂಲು ಸಾಲದೆ ಹೋದದ್ದು ಇದೊಂದಕ್ಕೇ, ಅದೂ ನನ್ನ ಹೆಸರಿನಲ್ಲಿ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಗುಳವನ್ನು ಅನುಕರಿಸಬಹುದು. ಅವಳು ಕಡ್ಡಿ ಹೊರತೆಗೆದು, ನೂಲಿನ ತುದಿ ಹಿಡಿದು, ಒಮ್ಮೆ ಎಳೆದಳು. ಎರಡು ದಿನ ಕೂತು ಹೆಣೆದದ್ದು ಸರ್ರನೆ ಬಿಚ್ಚಿಕೊಂಡು, ಅಕ್ಕಿ ಸಂಡಿಗೆಯಷ್ಟು ಅಗಲದ ಚಕ್ರ ಮಾತ್ರ ಉಳಿಯಿತು.

"ಅತ್ತಿ, ಯಾಕ ಬಿಚ್ಚಿದಿ?"

ಬೆರಳು ಎತ್ತಿದಳು. ಹಳೆಯ ನೂಲಿನಲ್ಲಿ ಎರಡು ಸುತ್ತು ಹಾಕಿದಳು, ಹೊಸ ನೂಲಿನಲ್ಲಿ ಎರಡು ಸುತ್ತು, ಮತ್ತೆ ಹಳೆಯದು, ಮತ್ತೆ ಹೊಸದು. ಒಂದೊಂದು ಸುತ್ತು ಏರಿದ ಹಾಗೆಲ್ಲ ನನ್ನ ಕಣ್ಣೆದುರಿಗೆ ತಪ್ಪು ಮಾಯವಾಗುತ್ತ ಬಂತು. ಎರಡು ಹಳದಿ ಒಂದರ ಪಕ್ಕ ಒಂದು ಕೂತು, ಬಿಸಿಲು ಬಿದ್ದ ಜೋಳದ ಹೊಲದಲ್ಲಿ ಗಾಳಿ ಹಾಯ್ದ ಹಾಗೆ ಅಲೆ ಅಲೆಯಾಗಿ ಕಾಣತೊಡಗಿತು. ಬಣ್ಣ ಹೊಂದದಿದ್ದರೆ ಮುಚ್ಚಿಡಲು ಹೋಗಬಾರದು, ಎಲ್ಲರಿಗೂ ಕಾಣುವಂತೆ ಸರದಿಯಲ್ಲಿ ಕೂರಿಸಬೇಕು ಎಂಬುದು ಅವಳ ಲೆಕ್ಕ. ನಾನು ಬಾಯಿ ಮುಚ್ಚಿಕೊಂಡು ಲಡಿ ಹಿಡಿದು ಕೂತೆ. ನಮ್ಮವ್ವ ಒಳಗಿನಿಂದ ಎರಡು ಸಲ ಬಂದು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿ ಹೋದಳು.

ತೊಟ್ಟಿಲ ದಿನ ಬೆಳಿಗ್ಗೆ ಬೀಗರ ಜೀಪು ಬಂದು ನಿಂತಾಗ ಒಂದು ಕಿವಿ ಇನ್ನೂ ಬಾಕಿ ಇತ್ತು. ತೊಟ್ಟಿಲಿಗೆ ಸೀರೆ ಕಟ್ಟಿ ಆಗಿತ್ತು, ಕಾಳಿನ ಗುಗ್ಗರಿ ಬೆಂದಿತ್ತು, ಹೆಂಗಸರು ಸುತ್ತ ನೆರೆದಿದ್ದರು. ಗಂಗತ್ತಿ ಮೂಲೆಯಲ್ಲಿ ಕೂತು ಹೆಣೆಯುತ್ತಲೇ ಇದ್ದಳು. ಹೆಸರಿನ ಹೊತ್ತು ಬಂತು. ಮಹಾದೇವಮ್ಮನವರು ಗೂಡಿನ ಕಡೆ ನೋಡಿ, ಬಹಳ ಮೃದುವಾಗಿ, "ಹೊತ್ತಾಗ್ತದ ರೀ ಗಂಗಮ್ಮ. ಸದ್ಯಕ್ಕ ಇದನ್ನ ಕಟ್ಟೋಣೇನು?" ಎಂದು ಗುಲಾಬಿ ಪೊಟ್ಟಣಕ್ಕೆ ಕೈ ಚಾಚಿದರು.

ಗಂಗತ್ತಿ ತಲೆ ಎತ್ತಲಿಲ್ಲ. ಒಂದು ಬೆರಳು ಎತ್ತಿದಳು.

"ಸಾಲು ಮುಗೀಲಿ. ತಡೀರಿ."

ಕುಬಸದ ದಿನ ಇದೇ ಮಾತಿಗೆ ಕುಂಕುಮದ ಬಟ್ಟಲು ಉರುಳಿತ್ತು. ಈಗ ಅದೇ ಹೆಂಗಸರು ಉಸಿರು ಹಿಡಿದು ನಿಂತರು. ಮಹಾದೇವಮ್ಮನವರ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಕೋತಿಯ ಕಥೆ ನಿಜವೇ ಇರಬೇಕೆಂದು ನನಗೆ ಆಗ ನಂಬಿಕೆ ಬಂತು. ಕಡ್ಡಿ ಹೋಯಿತು, ಬಂತು, ಜಗ್ಗಿತು. ಹೋಯಿತು, ಬಂತು, ಜಗ್ಗಿತು. ಕೊನೆಯ ಗಂಟು ಬಿತ್ತು. ಗಂಗತ್ತಿ ದಾರವನ್ನು ಹಲ್ಲಿನಿಂದ ಕಡಿದು, ಎದ್ದು, ಕೂಸಿನ ತಲೆಗೆ ಕುಲಾವಿ ತೊಡಿಸಿ ಗದ್ದದ ಕೆಳಗೆ ಕಟ್ಟಿದಳು. ಕೂಸು ಒಮ್ಮೆ ಮುಖ ಕಿವುಚಿತು. ನನ್ನ ಕುತ್ತಿಗೆ ತಾನಾಗಿ ತುರಿಸಿತು. ಆಮೇಲೆ ಕೂಸು ಆಕಳಿಸಿ, ಕುಲಾವಿ ಇರುವುದನ್ನೇ ಮರೆತು ನಿದ್ದೆ ಹೋಯಿತು.

ಮರೆತರ ಪಾಸು.

ಹೆಸರು ಸಾನ್ವಿ ಎಂದಾಯಿತು. ಗಂಗತ್ತಿ ಅದನ್ನು ಎರಡು ಸಲ ಅಂದು ನೋಡಿ, "ನಾ ಸಾವಿತ್ರಿ ಅಂತೀನಿ" ಎಂದು ತೀರ್ಮಾನ ಮಾಡಿಕೊಂಡಳು. ಮಹಾದೇವಮ್ಮನವರು ಬಾಗಿ ಕುಲಾವಿಯನ್ನು ಬೆರಳಿನಿಂದ ಸವರಿದರು. ಪೈಪೋಟಿಯ ಪಾಲು ಅವರ ಮುಖದಿಂದ ಇಳಿದುಹೋಗಿತ್ತು. "ಎಂಥಾ ಚಂದ ಪಟ್ಟಿ ಕೂಡಿಸೀರಿ. ಈ ಡಿಜೈನ್ ಎಲ್ಲಿ ಕಲ್ತ್ರಿ?"

ನಾನು ಬಾಗಿಲ ಕಡೆ ಸರಿಯತೊಡಗಿದೆ.

"ನಮ್ಮ ಹುಡುಗಂದು ರೀ ಡಿಜೈನ್," ಎಂದಳು ಗಂಗತ್ತಿ, ಕಡ್ಡಿಯನ್ನು ಕೂದಲಿನ ಅಂಬಾಡೆಗೆ ಸಿಕ್ಕಿಸುತ್ತ. "ಅವ ಎರಡ ಲಡಿ ತಂದಿದ್ದಕ್ಕ ಇದಾತು. ಹೇಳಿದಂಗ ಮೂರು ತಂದಿದ್ರ ಬರೇ ಹಳದಿ ಆಗ್ತಿತ್ತು."

ಅದು ಹೊಗಳಿಕೆಯೋ ಬೈಗುಳವೋ ನನಗೆ ಇಂದಿಗೂ ಬಗೆಹರಿದಿಲ್ಲ. ಗುಗ್ಗರಿ ತಿಂದ ಮೇಲೆ ಹೆಂಗಸರು ಎಂದಿನ ಹಾಗೆ ನನ್ನನ್ನು ಹಿಡಿದರು. "ಮೌನೇಶಾ, ಗಂಗತ್ತಿದು ಮಾಡೋ." ಪೆನ್ಸಿಲು ಕೈಗೆ ಬಂತು. ಈಗ ನನಗೆ ಸರಿಯಾಗಿ ಹಿಡಿಯಲು ಬರುತ್ತಿತ್ತು. ಚಾಕುವಿನ ಹಾಗೆ, ಮೇಲಿನಿಂದ. ಹಿಡಿದೆ. ಕಿರುಬೆರಳು, ತೋರುಬೆರಳು, ಜಗ್ಗು, ಎಲ್ಲವನ್ನೂ ಮಾಡಿದೆ. ಯಾರೂ ನಗಲಿಲ್ಲ. ಸರಿಯಾಗಿ ಮಾಡಿದರೆ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಒಬ್ಬ ಹೆಂಗಸು ಚೆನ್ನಾಗಿ ಕೆಲಸ ಮಾಡುತ್ತಿದ್ದಳು, ಅಷ್ಟೇ. ಒಬ್ಬ ಮುದುಕಿ "ಹೌದ್ ಖರೆ, ಹಿಂಗ ಹಾಕ್ತಾಳ" ಎಂದು ತಲೆದೂಗಿ ಎಲೆಯಡಿಕೆಗೆ ಕೈ ಹಾಕಿದಳು. ನನ್ನ ಆಟ ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ, ಇಷ್ಟು ಹೀನಾಯವಾಗಿ ಎಂದೂ ಬಿದ್ದಿರಲಿಲ್ಲ.

ಆಗ ಗಂಗತ್ತಿ ಎದ್ದು ನಡುಮನೆಗೆ ಬಂದಳು. ಸೆರಗಿನ ಅಂಚನ್ನು ಕುತ್ತಿಗೆಗೆ ಕಾಲರಿನ ಹಾಗೆ ಸುತ್ತಿಕೊಂಡಳು. ಕಿರುಬೆರಳನ್ನು ಅದರೊಳಗೆ ತೂರಿಸಿ, ಗಂಟಲು ಉದ್ದ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ನನ್ನದೇ ದನಿಯಲ್ಲಿ, "ಮಕ್ಕಳೇ, ಶಾಸನಗಳು ಎಂದರೆ" ಎಂದಳು. ಗುಗ್ಗರಿಯ ಬುಟ್ಟಿ ಉರುಳಿತು. ಮಹಾದೇವಮ್ಮನವರು ಗೋಡೆ ಹಿಡಿದುಕೊಂಡು ನಕ್ಕರು. ಅಪ್ಪ ಹೈದರಾಬಾದಿಗೆ ಕೇಳುವಂತೆ ನಕ್ಕ. ಈ ಚಟ ನನಗೆ ಯಾರ ಕಡೆಯಿಂದ ಬಂದದ್ದು ಎಂದು ನಮ್ಮವ್ವ ಇಪ್ಪತ್ತನಾಲ್ಕು ವರ್ಷದಿಂದ ಕೇಳುತ್ತಿದ್ದಳು. ಅಂದು ಕೇಳುವುದನ್ನು ನಿಲ್ಲಿಸಿದಳು.

ಸೋಮವಾರ ಶಾಲೆಗೆ ಹೋದೆ. ಕುತ್ತಿಗೆಯಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ ಹಿಂದೆ ಅದೇ ಸಣ್ಣ ನಗು. ಸರಕ್ಕನೆ ತಿರುಗಿದರೆ ರೇಣುಕಾ ಕೊಕ್ಕರೆಯಾಗಿ ಸಿಕ್ಕಿಬಿದ್ದಳು. ಹುಡುಗಿಯ ಮುಖ ಬಿಳಚಿತು. ನಾನು ಅವಳ ಬೆಂಚಿನ ಹತ್ತಿರ ಹೋಗಿ, ಎತ್ತಿನ ಹಲ್ಲು ನೋಡುವವರ ಹಾಗೆ ಅವಳ ಕೈಯನ್ನು ನೋಡಿದೆ. ತೋರುಬೆರಳನ್ನು ಕಾಲರಿಗೆ ಹಾಕಿದ್ದಳು.

"ಚಂದ ಮಾಡ್ತಿ," ಎಂದೆ. "ಬೆರಳು ತಪ್ಪು."

ಕಿರುಬೆರಳು ಎಂದು ತೋರಿಸಿಕೊಡಲು ಕೈ ಎತ್ತಬೇಕೆಂದುಕೊಂಡೆ. ಎತ್ತುವ ಅಗತ್ಯ ಬರಲಿಲ್ಲ. ಅದು ಆಗಲೇ ನನ್ನ ಕಾಲರಿನೊಳಗಿತ್ತು.